ಹಳೆಯ ಎಂಎಕ್ಸ್-5 ಕಾರಿಗೆ ಕಪ್ ಹೋಲ್ಡರ್ ಅಳವಡಿಸುವ ಬಗೆ

ಮಜ್ದಾ ಕಂಪನಿಯು 1989ರ ಫೆಬ್ರುವರಿಯಲ್ಲಿ ಷಿಕಾಗೊ ಮೋಟಾರು ಪ್ರದರ್ಶನದಲ್ಲಿ ಅನಾವರಣಗೊಳಿಸಿದ ಎರಡು ಸೀಟಿನ ತೆರೆದ ಕಾರು ಅಮೆರಿಕದಲ್ಲಿ ಮಿಯಾಟಾ ಎಂದೂ, ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಎಂದೂ, ಬ್ರಿಟನ್ ಮತ್ತು ಯುರೋಪಿನಲ್ಲಿ ಎಂಎಕ್ಸ್-5 ಎಂದೂ ಹೆಸರಾಯಿತು. 1997ರವರೆಗೆ ತಯಾರಾದ ಈ ಮೊದಲ ತಲೆಮಾರನ್ನು ಬಲ್ಲವರು ಎನ್‌ಎ ಎಂದು ಕರೆಯುತ್ತಾರೆ. ಭಾರತದಲ್ಲಿ ಈ ಕಾರು ಮಾರಾಟಕ್ಕೆ ಬರಲಿಲ್ಲವಾದ್ದರಿಂದ ಇದನ್ನು ಇಟ್ಟುಕೊಂಡಿರುವ ಕನ್ನಡಿಗರು ಹೆಚ್ಚಾಗಿ ಹೊರದೇಶಗಳಲ್ಲಿ ಇರುವವರು. ಅವರಲ್ಲಿ ಯಾರಿಗೇ ಆದರೂ ಒಂದು ಉದ್ದದ ಪ್ರಯಾಣ ಮುಗಿಯುವಷ್ಟರಲ್ಲಿ ಕಾರಿನ ಒಂದು ಕೊರತೆ ಚೆನ್ನಾಗಿ ಅರಿವಿಗೆ ಬಂದಿರುತ್ತದೆ. ವರ್ಷಕ್ಕೂ ಮಾರುಕಟ್ಟೆಗೂ ತಕ್ಕಂತೆ ಕನ್ಸೋಲಿನ, ಅಂದರೆ ಎರಡು ಸೀಟುಗಳ ನಡುವೆ ಗೇರ್ ಲಿವರಿನ ಸುತ್ತ ಇರುವ ಪ್ಲಾಸ್ಟಿಕ್ ಹೊದಿಕೆಯ ವಿವರಗಳು ಬದಲಾಗಿದ್ದರೂ, ತುಂಬಿದ ಬಾಟಲಿಯೊಂದನ್ನು ತಿರುವಿನಲ್ಲಿ ಭದ್ರವಾಗಿ ಹಿಡಿದಿಡಬಲ್ಲ ಜಾಗ ಅದರಲ್ಲಿ ಇಲ್ಲ.

ಇದು ವಿನ್ಯಾಸಕಾರರ ಅಲಕ್ಷ್ಯವೇನಲ್ಲ. ಕಾರಿನ ನಡುವಿನ ಸುರಂಗದೊಳಗೆ ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ದಂಡ, ಹೊಗೆಕೊಳವೆ, ಜೊತೆಗೆ ಗೇರ್‌ಬಾಕ್ಸನ್ನು ಹಿಂದಿನ ಡಿಫರೆನ್ಷಿಯಲ್ಲಿಗೆ (ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಭಾಗ) ಬಿಗಿಯಾಗಿ ಜೋಡಿಸುವ ಅಲ್ಯೂಮಿನಿಯಂ ತೊಲೆ ಇವೆಲ್ಲವೂ ಇರುವುದರಿಂದ, ಅದರ ಮೇಲೆ ಕುಳಿತಿರುವ ಕನ್ಸೋಲಿಗೆ ಆಳವೆಂಬುದೇ ಇಲ್ಲ. ಇದ್ದ ಅಲ್ಪ ಜಾಗವನ್ನೂ ಗೇರ್ ಲಿವರ್, ಬೂದಿತಟ್ಟೆ, ಕಿಟಕಿಯ ಸ್ವಿಚ್ಚು ಮತ್ತು ಸಣ್ಣ ಪೆಟ್ಟಿಗೆಯೊಂದು ಹಂಚಿಕೊಂಡಿವೆ. ಕಪ್ ಹೋಲ್ಡರ್ ಎಂಬುದು ಆ ಕಾಲದಲ್ಲಿ ಅಮೆರಿಕದ ಕುಟುಂಬ ವ್ಯಾನುಗಳ ಲಕ್ಷಣವಾಗಿತ್ತೇ ಹೊರತು ಸ್ಪೋರ್ಟ್ಸ್ ಕಾರಿನದಲ್ಲ. ಅದಿಲ್ಲದಿದ್ದರೆ ಏನಾಗಬಹುದೆಂಬುದಕ್ಕೆ ಎಲ್ಲರೂ ಬಲ್ಲ ನಿದರ್ಶನವೊಂದಿದೆ. 1992ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ 79 ವರ್ಷದ ಮಹಿಳೆಯೊಬ್ಬರು ನಿಂತಿದ್ದ ಕಾರಿನಲ್ಲಿ ಕುಳಿತು, ಕಾಫಿಯ ಕಪ್ಪನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಮುಚ್ಚಳ ತೆಗೆಯುವಾಗ ಅದು ಚೆಲ್ಲಿ ತೀವ್ರವಾಗಿ ಸುಟ್ಟುಕೊಂಡರು. ನ್ಯಾಯಾಲಯದ ಮೆಟ್ಟಿಲೇರಿದ ಆ ಪ್ರಕರಣದ ಕಾರು ಕಪ್ ಹೋಲ್ಡರ್ ಇಲ್ಲದ ಫೋರ್ಡ್ ಪ್ರೋಬ್, ಅಂದರೆ ಮಜ್ದಾ ಕಂಪನಿಯದೇ ತಳಹದಿಯ ಮೇಲೆ ಕಟ್ಟಿದ ಸ್ಪೋರ್ಟ್ಸ್ ಕೂಪೆ.

ಮುಂದೆ ವಿವರಿಸುವ ವಿಧಾನಕ್ಕೆ ನಾನು ಎರಡು ನಿಯಮಗಳನ್ನು ಇಟ್ಟುಕೊಂಡಿದ್ದೇನೆ. ಕಾರಿನ ಮೂಲ ಭಾಗ ಯಾವುದನ್ನೂ ಕೊಯ್ಯಬಾರದು, ಕೊರೆಯಬಾರದು. ಮತ್ತು ಗೇರ್ ಲಿವರ್‌ಗೂ ಚಾಲಕನ ಕೈಗೂ ನಡುವೆ ಏನೂ ಬರಬಾರದು. ಮಜ್ದಾ ಕಂಪನಿಯೇ 2017ರಲ್ಲಿ ಜಪಾನಿನಲ್ಲಿ ಎನ್‌ಎ ಕಾರುಗಳ ಪುನರುಜ್ಜೀವನ ಸೇವೆಯನ್ನು ಪ್ರಕಟಿಸಿ ಹಳೆಯ ಬಿಡಿಭಾಗಗಳನ್ನು ಮತ್ತೆ ತಯಾರಿಸಲು ಮುಂದಾದುದನ್ನು ನೋಡಿದರೆ, ತೂತು ಬೀಳದ ಮೂಲ ಕನ್ಸೋಲಿನ ಬೆಲೆ ಇನ್ನು ಮುಂದೆ ಏರುವುದೇ ಹೊರತು ಇಳಿಯುವುದಿಲ್ಲ ಎನಿಸುತ್ತದೆ.

ಜಾಗದ ಆಯ್ಕೆ

ಕೆಲಸದ ಯಶಸ್ಸು ಮುಕ್ಕಾಲು ಪಾಲು ಇಲ್ಲಿಯೇ ನಿರ್ಧಾರವಾಗುವುದರಿಂದ ಈ ಹಂತದಲ್ಲಿ ಅವಸರ ಸಲ್ಲದು.

ಎಲ್ಲರಿಗೂ ಮೊದಲು ಹೊಳೆಯುವುದು ಬೂದಿತಟ್ಟೆಯನ್ನು ತೆಗೆದು ಅಲ್ಲಿ ಕಪ್ಪನ್ನು ಕೂರಿಸುವ ಉಪಾಯ. ನೋಡಲು ಇದು ಚೆನ್ನಾಗಿಯೇ ಇರುತ್ತದೆ, ಆದರೆ ಐದು ಗೇರಿನ ಈ ಕಾರಿನಲ್ಲಿ ಎರಡನೆಯ ಗೇರ್, ನಾಲ್ಕನೆಯ ಗೇರ್ ಮತ್ತು ರಿವರ್ಸ್ ಮೂರೂ ಲಿವರನ್ನು ಹಿಂದಕ್ಕೆ ಎಳೆದಾಗ ಬೀಳುತ್ತವೆ. ಬೂದಿತಟ್ಟೆಯ ಜಾಗದಲ್ಲಿ ಎದ್ದುನಿಂತ ಕ್ಯಾನಿಗೆ ಆಗ ಚಾಲಕನ ಮಣಿಕಟ್ಟು ಬಡಿಯುತ್ತದೆ. ಈ ಕಾರಿನ ಅತ್ಯಂತ ದೊಡ್ಡ ಸುಖವೇ ಅದರ ಮೋಟು ಗೇರ್ ಲಿವರಿನ ಚುರುಕಾದ ಚಲನೆಯಾಗಿರುವಾಗ, ಒಂದು ಲೋಟ ಪಾನೀಯಕ್ಕಾಗಿ ಅದನ್ನು ಕೆಡಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಮೂರ್ಖತನ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಚೆಲ್ಲಿದ ಸಕ್ಕರೆಯ ಪಾನೀಯವು ನೇರವಾಗಿ ಪಕ್ಕದ ಕಿಟಕಿ ಸ್ವಿಚ್ಚಿನೊಳಗೆ ಇಳಿಯುತ್ತದೆ.

ಗಾಳಿಕಿಂಡಿಗೆ ಸಿಕ್ಕಿಸುವ ಅಗ್ಗದ ಹೋಲ್ಡರುಗಳು ಪಟ್ಟಿಗಳಿರುವ ಆಯತಾಕಾರದ ಕಿಂಡಿಗಳಿಗಾಗಿ ರೂಪಿಸಿದವು. ಎನ್‌ಎ ಕಾರಿನ ಕಿಂಡಿಗಳಾದರೋ ಕಣ್ಣುಗುಡ್ಡೆಯಂತೆ ಎಲ್ಲ ದಿಕ್ಕಿಗೂ ತಿರುಗುವ ದುಂಡನೆಯವು. ಅರ್ಧ ಕಿಲೋ ತೂಕವನ್ನು ಅವಕ್ಕೆ ನೇತುಹಾಕಿದರೆ ಕಿಂಡಿ ಕೆಳಗೆ ತಿರುಗಿಕೊಳ್ಳುತ್ತದೆ, ಇಲ್ಲವೇ ಮೂವತ್ತು ವರ್ಷ ಹಳೆಯ ಪ್ಲಾಸ್ಟಿಕ್ಕು ಮುರಿಯುತ್ತದೆ. ಬಾಗಿಲಿಗೆ ಕೊಕ್ಕೆ ಹಾಕುವ ಬಗೆಯದು ಪ್ರತಿ ಸಲ ಬಾಗಿಲು ಮುಚ್ಚಿದಾಗಲೂ ಪಾನೀಯವನ್ನು ಕುಲುಕುತ್ತದೆ. ಹಿಂದಿನ ಪೆಟ್ಟಿಗೆಯ ಮುಚ್ಚಳದ ಬದಲು ಮರದ ತಟ್ಟೆ ಕೂರಿಸುವವರೂ ಇದ್ದಾರೆ, ಆದರೆ ಅಲ್ಲಿಗೆ ಕೈ ಚಾಚಲು ಚಾಲಕನು ಮೊಣಕೈಯನ್ನು ಹಿಂದಕ್ಕೆ ತಿರುಚಬೇಕು.

ಉಳಿಯುವುದು ಸುರಂಗದ ಪಕ್ಕದಲ್ಲಿ, ಪ್ರಯಾಣಿಕನ ಕಾಲಿನ ಕಡೆಗೆ ಇರುವ ಜಾಗ. ಕನ್ಸೋಲಿನ ಮುಂಭಾಗವನ್ನು ಎರಡೂ ಬದಿಯಿಂದ ಹಿಡಿದಿರುವ ಸ್ಕ್ರೂಗಳ ಪೈಕಿ ಪ್ರಯಾಣಿಕನ ಬದಿಯದನ್ನು ಆಧಾರವಾಗಿ ಬಳಸಿಕೊಂಡರೆ ಹೊಸ ತೂತಿನ ಅಗತ್ಯವೇ ಬೀಳುವುದಿಲ್ಲ. ಎಡ ಸ್ಟಿಯರಿಂಗಿನ ಅಮೆರಿಕದ ಕಾರಿಗೂ ಬಲ ಸ್ಟಿಯರಿಂಗಿನ ಬ್ರಿಟನ್, ಜಪಾನ್, ಆಸ್ಟ್ರೇಲಿಯದ ಕಾರಿಗೂ ಇದು ಒಂದೇ ತೆರನಾಗಿ ಅನ್ವಯಿಸುತ್ತದೆ. ಎಡಬಲ ಮಾತ್ರ ಅದಲುಬದಲು. ಚಾಲಕನ ಬದಿಗೆ ಇದನ್ನು ಎಂದೂ ಅಳವಡಿಸಬೇಡಿ, ಏಕೆಂದರೆ ಅಲ್ಲಿಂದ ಜಾರಿದ ಬಾಟಲಿ ಹೋಗಿ ನಿಲ್ಲುವುದು ಬ್ರೇಕ್ ಪೆಡಲಿನ ಕೆಳಗೆ.

ಈ ಜಾಗಕ್ಕೂ ಎರಡು ದೋಷಗಳಿವೆ. ಪ್ರಯಾಣಿಕನ ಒಂದು ಮೊಣಕಾಲಿಗೆ ಇದು ಸ್ವಲ್ಪ ಅಡ್ಡವಾಗುತ್ತದೆ, ಮತ್ತು ಸುರಂಗ ಬಿಸಿಯಾಗುವುದರಿಂದ ತಣ್ಣಗಿನ ನೀರು ತಣ್ಣಗೆ ಉಳಿಯುವುದಿಲ್ಲ. ಮೊದಲನೆಯದಕ್ಕೆ ಪರಿಹಾರವನ್ನು ಮುಂದೆ ಹೇಳುತ್ತೇನೆ. ಎರಡನೆಯದನ್ನು ಒಪ್ಪಿಕೊಳ್ಳುವುದೇ ಸರಿ.

ಎಷ್ಟು ಅಗಲ, ಎಷ್ಟು ಆಳ

ಅಂಗಡಿಯ ಹೋಲ್ಡರುಗಳು ಸೋಲುವುದು ಸಾಮಾನ್ಯವಾಗಿ ಆಳದ ವಿಷಯದಲ್ಲಿ. ಒಂದು ಸಾಮಾನ್ಯ ತಂಪು ಪಾನೀಯದ ಕ್ಯಾನಿನ ವ್ಯಾಸ ಸುಮಾರು 66 ಮಿ.ಮೀ. ಅಮೆರಿಕದ 355 ಮಿ.ಲೀ. ಕ್ಯಾನಿನ ಎತ್ತರ ಸುಮಾರು 122 ಮಿ.ಮೀ. ಇದ್ದು, ಅದು ತುಂಬಿರುವಾಗ ಅದರ ಗುರುತ್ವಕೇಂದ್ರ 60 ಮಿ.ಮೀ. ಎತ್ತರದ ಆಸುಪಾಸಿನಲ್ಲಿರುತ್ತದೆ. ಆದರೆ ಕ್ಯಾನು ನಿಲ್ಲುವ ತಳದ ಅಂಚು ಒಳಕ್ಕೆ ಸರಿದಿರುವುದರಿಂದ ಅದರ ತ್ರಿಜ್ಯ ಸುಮಾರು 25 ಮಿ.ಮೀ. ಮಾತ್ರ. 25ನ್ನು 60ರಿಂದ ಭಾಗಿಸಿದರೆ ಸಿಗುವ ಉತ್ತರವೇ ಆ ಕ್ಯಾನು ಆಧಾರವಿಲ್ಲದೆ ತಾಳಬಲ್ಲ ಪಾರ್ಶ್ವಬಲ, ಅಂದರೆ ಗುರುತ್ವಬಲದ ಶೇಕಡಾ 40ಕ್ಕಿಂತ ತುಸು ಹೆಚ್ಚು. ಒಳ್ಳೆಯ ಟೈರುಗಳಿರುವ ಎಂಎಕ್ಸ್-5 ತಿರುವಿನಲ್ಲಿ ಇದರ ಸುಮಾರು ಇಮ್ಮಡಿ ಬಲವನ್ನು ಹುಟ್ಟಿಸಬಲ್ಲದು. ಆದ್ದರಿಂದ ಹೋಲ್ಡರಿನ ಗೋಡೆಯು ಗುರುತ್ವಕೇಂದ್ರದ ಎತ್ತರವನ್ನಾದರೂ ಮುಟ್ಟಬೇಕು. ಒಳಗಿನ ಆಳ 70 ಮಿ.ಮೀ. ಇದ್ದರೆ ಕ್ಯಾನಿನ ಮೇಲ್ಭಾಗದ 50 ಮಿ.ಮೀ. ಹೊರಗುಳಿದು ಹಿಡಿದೆತ್ತಲು ಸುಲಭವಾಗುತ್ತದೆ, ಅರ್ಧ ಲೀಟರಿನ ಬಾಟಲಿಗೂ ಸಾಕಷ್ಟು ಆಸರೆ ಸಿಗುತ್ತದೆ.

ಅಗಲದ ಮಟ್ಟಿಗೆ, ನೀವು ನಿಜವಾಗಿ ಬಳಸುವ ಪಾತ್ರೆಯನ್ನು ಅಳೆಯಿರಿ. ಕಾಗದದ ಕಾಫಿ ಕಪ್ಪು ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವುದರಿಂದ ಅದು ಹೋಲ್ಡರಿನ ಬಾಯಿಯ ಅಂಚಿನಲ್ಲಿಯೇ ಕೂರುತ್ತದೆ. ಸ್ಟೀಲಿನ ನೀರಿನ ಬಾಟಲಿಗಳಲ್ಲಿ ಕೆಲವು 73 ಮಿ.ಮೀ. ಅಥವಾ ಅದಕ್ಕಿಂತ ಅಗಲವಾಗಿರುತ್ತವೆ; ಅಂಥವು ಬೇಕೆಂದರೆ ಇಡೀ ಲೆಕ್ಕವನ್ನು ಅದಕ್ಕೆ ಹೊಂದಿಸಬೇಕು. ತುಂಬಿದಾಗ ಒಂದು ಕಿಲೋ ತೂಗುವ ಪಾತ್ರೆಯನ್ನು ಮಾತ್ರ ಈ ಹೋಲ್ಡರಿಗೆ ಹಾಕಬಾರದು. ಮನೆಯ ಫಿಲ್ಟರ್ ಕಾಫಿಯನ್ನು ಲೋಟದಲ್ಲಿ ಒಯ್ಯುವ ಆಸೆಯನ್ನು ಬಿಟ್ಟು, ಮುಚ್ಚಳವಿರುವ ಮಗ್ಗಿಗೆ ಸುರಿದುಕೊಳ್ಳುವುದೇ ಲೇಸು.

ಬೇಕಾದ ಸಾಮಗ್ರಿ

ಕಪ್ಪು ಕೂರುವ ಬಟ್ಟಲಿಗೆ 3 ಇಂಚಿನ, ಷೆಡ್ಯೂಲ್ 40 ದರ್ಜೆಯ (ಗೋಡೆಯ ದಪ್ಪವನ್ನು ಸೂಚಿಸುವ ಗುರುತು) ಪಿವಿಸಿ ಕೊಳವೆ ಸೂಕ್ತ. ಅದರ ಒಳವ್ಯಾಸ ಸುಮಾರು 78 ಮಿ.ಮೀ. ಮತ್ತು ಹೊರವ್ಯಾಸ ಸುಮಾರು 89 ಮಿ.ಮೀ. ಒಳಗೆ 5 ಮಿ.ಮೀ. ದಪ್ಪದ ನಿಯೋಪ್ರೀನ್ ಎಂಬ ಮೆತ್ತನೆಯ ರಬ್ಬರ್ ಹಾಳೆಯನ್ನು ಅಂಟಿಸಿದರೆ 68 ಮಿ.ಮೀ. ಉಳಿಯುತ್ತದೆ, ಕ್ಯಾನು ಸಡಿಲವಾಗದೆ ಕೂರುತ್ತದೆ, ಹಾಳೆ ಮೆತ್ತಗಿರುವುದರಿಂದ ತುಸು ಅಗಲದ ಬಾಟಲಿಯೂ ಒತ್ತಿಕೊಂಡು ಇಳಿಯುತ್ತದೆ. ತಳಕ್ಕೆ 3 ಮಿ.ಮೀ. ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ 3 ಮಿ.ಮೀ. ರಬ್ಬರ್ ಬಿಲ್ಲೆ. ಕೈಯಲ್ಲಿ ತ್ರೀಡಿ ಪ್ರಿಂಟರ್ ಇರುವವರು ಬಟ್ಟಲನ್ನು ಅಚ್ಚು ಮಾಡಿಕೊಳ್ಳಬಹುದು, ಆದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ. ಅದು 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಮೆತ್ತಗಾಗುತ್ತದೆ, ಬೇಸಿಗೆಯಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಬಿಸಿಲು ಬೀಳುವ ವಸ್ತುಗಳು ಆ ಮಟ್ಟವನ್ನು ಸುಲಭವಾಗಿ ಮುಟ್ಟುತ್ತವೆ. ಎಬಿಎಸ್ ಅಥವಾ ಎಎಸ್‌ಎ ಪ್ಲಾಸ್ಟಿಕ್ ಆ ಬಿಸಿಯನ್ನು ತಾಳುತ್ತದೆ.

ಬಟ್ಟಲನ್ನು ಕನ್ಸೋಲಿಗೆ ಹಿಡಿಸುವ ಹಿಡಿಕೆಗೆ 2 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿ ಬೇಕು. 5052 ಎಂಬ ಗುರುತಿನ ಮಿಶ್ರಲೋಹವನ್ನೇ ಕೇಳಿ ಪಡೆಯಿರಿ. ಹೆಚ್ಚಾಗಿ ಸಿಗುವ ಗಡಸು 6061 ಬಿಗಿಯಾಗಿ ಬಾಗಿಸಿದಾಗ ಬಾಗಿದ ಗೆರೆಯ ಮೇಲೆ ಬಿರುಕು ಬಿಡುವುದುಂಟು. ಉಕ್ಕನ್ನು ಏಕೆ ಬಳಸಬಾರದೆಂದು ಯಾರಾದರೂ ಕೇಳಬಹುದು. ಪ್ರಯಾಣಿಕನ ಮೊಣಕಾಲು ಜೋರಾಗಿ ತಗುಲಿದಾಗ ಮೊದಲು ಬಾಗಬೇಕಾದದ್ದು ನಮ್ಮ ಪಟ್ಟಿಯೇ ಹೊರತು ಕಾರಿನ ಕನ್ಸೋಲ್ ಅಲ್ಲ, ಮೊಣಕಾಲಂತೂ ಅಲ್ಲವೇ ಅಲ್ಲ. ಆ ಕಾರಣಕ್ಕೆ ತೆಳು ಅಲ್ಯೂಮಿನಿಯಮ್ಮಿನ ಮೆತುತನ ಇಲ್ಲಿ ಗುಣವೇ.

ಉಪಕರಣಗಳಲ್ಲಿ ಒಂದನ್ನು ಮಾತ್ರ ವಿಶೇಷವಾಗಿ ಹೇಳಬೇಕು. ಜಪಾನಿನ ಕಾರುಗಳ ಸ್ಕ್ರೂ ತಲೆಯ ಕೂಡುಗುರುತು ಸಾಮಾನ್ಯ ಫಿಲಿಪ್ಸ್ ಆಕಾರದ್ದಲ್ಲ, ಜೆಐಎಸ್ ಎಂಬ ಜಪಾನಿನ ಕೈಗಾರಿಕಾ ಮಾನಕದ್ದು. ಎರಡೂ ನೋಡಲು ಒಂದೇ ತೆರನಾಗಿದ್ದರೂ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರದೆ ಜಾರಿ ತಲೆಯನ್ನು ಸವೆಸುತ್ತದೆ. ಜೆಐಎಸ್ ಗುರುತಿನ ಎರಡನೆಯ ಮತ್ತು ಮೂರನೆಯ ಅಳತೆಯ ಸ್ಕ್ರೂಡ್ರೈವರ್ ಕೊಂಡಿಟ್ಟುಕೊಂಡರೆ ಈ ಕಾರಿನ ಬೇರೆ ಹತ್ತು ಕೆಲಸಗಳಿಗೂ ಬರುತ್ತದೆ.

ರಟ್ಟಿನ ಮಾದರಿ

ಲೋಹವನ್ನು ಮುಟ್ಟುವ ಮೊದಲು ದಪ್ಪ ರಟ್ಟಿನಲ್ಲಿ ಹಿಡಿಕೆಯ ಆಕಾರವನ್ನು ಕತ್ತರಿಸಿ, ಕೊಳವೆಯ ತುಂಡನ್ನು ಅದಕ್ಕೆ ಟೇಪಿನಿಂದ ಅಂಟಿಸಿ ಕಾರಿನಲ್ಲಿ ಹಿಡಿದು ನೋಡಿ. ಹಿಡಿಕೆಗೆ ಮೂರು ಭಾಗಗಳಿರುತ್ತವೆ: ಕನ್ಸೋಲಿನ ಪಕ್ಕಕ್ಕೆ ಒರಗಿ ಮೂಲ ಸ್ಕ್ರೂವಿನಿಂದ ಬಿಗಿಯಲ್ಪಡುವ ನೆಟ್ಟನೆಯ ಫಲಕ, ಅದರ ಕೆಳತುದಿಯಲ್ಲಿ ಒಳಕ್ಕೆ ಬಾಗಿ ಕನ್ಸೋಲಿನ ಅಂಚಿಗೂ ಕಾರ್ಪೆಟ್ಟಿಗೂ ನಡುವೆ ತೂರಿಕೊಳ್ಳುವ ಸುಮಾರು 40 ಮಿ.ಮೀ. ಉದ್ದದ ನಾಲಿಗೆ, ಮತ್ತು ಹೊರಕ್ಕೆ ಚಾಚಿ ಬಟ್ಟಲನ್ನು ಹೊರುವ ತೋಳು. ನಾಲಿಗೆಯನ್ನು ಅನಗತ್ಯವೆಂದು ಬಿಟ್ಟರೆ ಕೆಲಸ ಕೆಡುತ್ತದೆ. ಒಂದೇ ಸ್ಕ್ರೂವಿಗೆ ನೇತುಬಿದ್ದ ಹಿಡಿಕೆ ಬ್ರೇಕ್ ಹಾಕಿದಾಗಲೆಲ್ಲ ಆ ಸ್ಕ್ರೂವಿನ ಸುತ್ತ ತಿರುಗಿ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ.

ಮಾದರಿಯನ್ನು ಹಿಡಿದುಕೊಂಡೇ ಒಂದಷ್ಟು ಪರೀಕ್ಷೆಗಳನ್ನು ಮಾಡಬೇಕು. ಗೇರ್ ಲಿವರನ್ನು ಎಲ್ಲ ಗೇರುಗಳಿಗೂ ಹಾಕಿ ನೋಡಿ. ಕೈಬ್ರೇಕನ್ನು ಪೂರ್ತಿ ಎಳೆದು ಬಿಡಿ. ಪ್ರಯಾಣಿಕನ ಸೀಟನ್ನು ಮುಂದಕ್ಕೂ ಹಿಂದಕ್ಕೂ ಸರಿಸಿ. ನಿಮ್ಮ ಜೊತೆ ಹೆಚ್ಚಾಗಿ ಪ್ರಯಾಣಿಸುವವರನ್ನೇ ಕೂರಿಸಿ, ಅವರು ಕಾಲು ಚಾಚಿದಾಗ, ಇಳಿಯಲು ತಿರುಗಿದಾಗ ಬಟ್ಟಲು ಎಲ್ಲಿ ತಗುಲುತ್ತದೆಂದು ಗುರುತಿಸಿಕೊಳ್ಳಿ. ಬಟ್ಟಲನ್ನು ಕನ್ಸೋಲಿನ ಗೋಡೆಗೆ ಸಾಧ್ಯವಾದಷ್ಟು ಒತ್ತಿ, ಮೊಣಕಾಲಿಗಿಂತ ತುಸು ಮುಂದಕ್ಕೂ ಕೆಳಕ್ಕೂ ಇರಿಸಿದರೆ ಅಡಚಣೆ ಬಹುಮಟ್ಟಿಗೆ ತಪ್ಪುತ್ತದೆ; ಆದರೆ ಚಾಲಕನು ಬೆನ್ನನ್ನು ಸೀಟಿನಿಂದ ಎತ್ತದೆ ಅದನ್ನು ಮುಟ್ಟುವಂತಿರಬೇಕು. ಈ ಎರಡು ಬೇಡಿಕೆಗಳ ನಡುವಿನ ರಾಜಿಯನ್ನು ಅಳತೆಪಟ್ಟಿ ತೀರ್ಮಾನಿಸಲಾರದು, ಕುಳಿತು ನೋಡಿಯೇ ತೀರ್ಮಾನಿಸಬೇಕು.

ಕನ್ಸೋಲನ್ನು ಸಡಿಲಿಸುವುದು

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಚಕ್ರಗಳಿಗೆ ಅಡ್ಡ ಕೊಡಿ. ಎನ್‌ಎ ಕಾರಿನ ಬ್ಯಾಟರಿ ಇರುವುದು ಬಾನೆಟ್ಟಿನ ಕೆಳಗಲ್ಲ, ಹಿಂದಿನ ಡಿಕ್ಕಿಯ ಬಲಮೂಲೆಯಲ್ಲಿ. ಅದರ ಋಣ ತಂತಿಯನ್ನು ಕಳಚಿಡಿ. ಅಮೆರಿಕದ ಕಾರುಗಳಲ್ಲಿ ಆರಂಭದಿಂದಲೇ ಚಾಲಕನಿಗೆ, 1994ರ ಮಾದರಿಯಿಂದ ಪ್ರಯಾಣಿಕನಿಗೂ ಏರ್‌ಬ್ಯಾಗ್ ಇದೆ. ಹಳದಿ ಬಣ್ಣದ ಜೋಡಣೆ ಅಥವಾ ತಂತಿಕವಚ ಎಲ್ಲಿಯೇ ಕಂಡರೂ ಅದು ಏರ್‌ಬ್ಯಾಗಿನದೆಂದು ತಿಳಿದು ಕೈ ಹಾಕಬೇಡಿ, ಅದರ ದಾರಿಯಲ್ಲಿ ಹಿಡಿಕೆಯನ್ನೂ ಇಡಬೇಡಿ. ಸ್ಟೀರಿಯೊಗೆ ಕಳ್ಳತನ ತಡೆಯುವ ಸಂಕೇತವಿದ್ದರೆ ಬ್ಯಾಟರಿ ಕಳಚುವ ಮೊದಲೇ ಅದನ್ನು ಬರೆದಿಟ್ಟುಕೊಳ್ಳಿ.

ನಮ್ಮ ವಿಧಾನಕ್ಕೆ ಕನ್ಸೋಲನ್ನು ಪೂರ್ತಿ ಹೊರತೆಗೆಯಬೇಕಿಲ್ಲ, ನಾಲಿಗೆ ತೂರುವಷ್ಟು ಎತ್ತಿದರೆ ಸಾಕು. ಮುಂಭಾಗದ ಎರಡೂ ಬದಿಯ ಸ್ಕ್ರೂಗಳನ್ನು ತೆಗೆಯಿರಿ. ಹಿಂದಿನ ಪೆಟ್ಟಿಗೆಯ ಒಳಗೆ ಇರುವ ಸ್ಕ್ರೂಗಳನ್ನು ಸಡಿಲಿಸಿ. ಕನ್ಸೋಲ್ ಇನ್ನೂ ಅಲುಗದಿದ್ದರೆ ಬೂದಿತಟ್ಟೆಯನ್ನು ಎತ್ತಿ ಅದರ ಕೆಳಗೂ ನೋಡಿ. ಗೇರ್ ಲಿವರಿನ ಗುಂಡನ್ನು ಎಡಕ್ಕೆ ತಿರುಗಿಸಿ ಬಿಚ್ಚಿಟ್ಟರೆ ಕೈಯಾಡಿಸಲು ಅನುಕೂಲವಾಗುತ್ತದೆ, ಕೈಬ್ರೇಕನ್ನು ಮೇಲಕ್ಕೆತ್ತಿಟ್ಟರೂ ಅಷ್ಟೇ. ಕನ್ಸೋಲನ್ನು ಎಂದೂ ಹಟದಿಂದ ಎಳೆಯಬೇಡಿ. ದಶಕಗಳ ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ಕು ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಚಳಿಗಾಲದಲ್ಲಿ ಈ ಕೆಲಸಕ್ಕೆ ಇಳಿದವರು ಹೇರ್ ಡ್ರೈಯರಿನಿಂದ ಅಂಚುಗಳನ್ನು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳಬೇಕು. ಕಿಟಕಿ ಸ್ವಿಚ್ಚಿನ ತಂತಿಗಳು ಕೆಳಗಿರುವುದನ್ನು ಮರೆಯಬೇಡಿ, ಅವು ಬಿಗಿಯಾಗುವಷ್ಟು ಎತ್ತಬಾರದು.

ಪ್ರಯಾಣಿಕನ ಬದಿಯ ಮುಂದಿನ ಸ್ಕ್ರೂ ಕೆಳಗಿನ ಲೋಹದ ಆಧಾರವನ್ನು ಗಟ್ಟಿಯಾಗಿ ಹಿಡಿಯುತ್ತಿದೆಯೇ ಎಂದು ಈಗಲೇ ಪರೀಕ್ಷಿಸಿ. ಹಿಂದಿನ ಮಾಲೀಕರು ಬೇರೆ ಸ್ಕ್ರೂ ತುರುಕಿ ಎಳೆಗಳನ್ನು ಹಾಳುಮಾಡಿರುವುದು ಹಳೆಯ ಕಾರುಗಳಲ್ಲಿ ಅಪರೂಪವಲ್ಲ. ಹಾಗಿದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಎಳೆಗಳು ಸರಿಯಿದ್ದರೆ ಆ ಸ್ಕ್ರೂವನ್ನು ಅಂಗಡಿಗೆ ಒಯ್ದು ಅದೇ ಎಳೆಯ, 2 ಅಥವಾ 3 ಮಿ.ಮೀ. ಉದ್ದ ಹೆಚ್ಚಿರುವ ಇನ್ನೊಂದನ್ನು ತನ್ನಿ.

ಹಿಡಿಕೆ ಮತ್ತು ಬಟ್ಟಲು

ರಟ್ಟಿನ ಮಾದರಿಯನ್ನು ಬಿಡಿಸಿ ಪಟ್ಟಿಯ ಮೇಲೆ ಗೀರಿಕೊಳ್ಳಿ. ಬಾಗುವ ಗೆರೆಯನ್ನು ಪೆನ್ಸಿಲ್ಲಿನಿಂದ ಗುರುತಿಸಿ, ಮೊಳೆಯಿಂದ ಗೀರಬೇಡಿ, ಆ ಗೀರಿನಲ್ಲೇ ಬಿರುಕು ಹುಟ್ಟುತ್ತದೆ. ವೈಸಿನ (ವಸ್ತುವನ್ನು ಬಿಗಿಯಾಗಿ ಹಿಡಿಯುವ ಉಪಕರಣ) ದವಡೆಗಳಿಗೆ ಅಂಚು ದುಂಡಾಗಿಸಿದ ಮರದ ತುಂಡುಗಳನ್ನು ಕೊಟ್ಟು ನಿಧಾನವಾಗಿ ಕೈಯಿಂದಲೇ ಬಾಗಿಸಿದರೆ ಬಾಗಿನ ತ್ರಿಜ್ಯ ಪಟ್ಟಿಯ ದಪ್ಪಕ್ಕಿಂತ ಕಡಿಮೆಯಾಗುವುದಿಲ್ಲ. ಒಮ್ಮೆ ಬಾಗಿಸಿದ್ದನ್ನು ಹಿಂದಕ್ಕೆ ಬಿಡಿಸಿ ಮತ್ತೆ ಬಾಗಿಸುವುದು ಪಟ್ಟಿಯ ಆಯುಷ್ಯವನ್ನು ತಿನ್ನುತ್ತದೆ, ಅಳತೆ ತಪ್ಪಿದರೆ ಹೊಸ ಪಟ್ಟಿಯೇ ಲೇಸು. ಸ್ಕ್ರೂವಿನ ತೂತನ್ನು ಮೇಲಿನಿಂದ ಕೆಳಕ್ಕೆ ಉದ್ದನೆಯ ಸೀಳಾಗಿ ಮಾಡಿದರೆ ಎತ್ತರವನ್ನು ಹೊಂದಿಸಿಕೊಳ್ಳಲು ಅವಕಾಶವಿರುತ್ತದೆ. ಎಲ್ಲ ಮೂಲೆಗಳನ್ನೂ ಕನಿಷ್ಠ 5 ಮಿ.ಮೀ. ತ್ರಿಜ್ಯಕ್ಕೆ ಅರದಿಂದ ದುಂಡಾಗಿಸಿ, ಹೊರಗೆ ಕಾಣುವ ಅಂಚಿಗೆ ರಬ್ಬರ್ ಪಟ್ಟಿ ತೊಡಿಸಿ.

ಕೊಳವೆಯನ್ನು 76 ಮಿ.ಮೀ. ಉದ್ದಕ್ಕೆ ಕೊಯ್ದು, ತಳದ ಬಿಲ್ಲೆಯನ್ನು ಒಳಗೆ ಅಂಟಿಸಿ, ರಬ್ಬರ್ ಬಿಲ್ಲೆ ಇಟ್ಟರೆ 70 ಮಿ.ಮೀ. ಆಳ ಸಿಗುತ್ತದೆ. ನೀರು ಇಳಿದುಹೋಗಲೆಂದು ತಳದಲ್ಲಿ ತೂತು ಇಡಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಇಳಿದ ಹಾಲು, ಸಕ್ಕರೆ ಹೋಗುವುದು ಕಾರ್ಪೆಟ್ಟಿಗೆ ಮತ್ತು ಅದರ ಕೆಳಗಿನ ಹೊದಿಕೆಗೆ. ಆ ಹೊದಿಕೆ ಒಮ್ಮೆ ನೆನೆದರೆ ವಾರಗಟ್ಟಲೆ ಒಣಗುವುದಿಲ್ಲ, ತುಕ್ಕಿಗೆ ಅದೇ ತವರು. ಮುಚ್ಚಿದ ತಳವಿದ್ದರೆ ಚೆಲ್ಲಿದ್ದು ಬಟ್ಟಲಿನಲ್ಲಿಯೇ ನಿಲ್ಲುತ್ತದೆ, ಒರೆಸಿ ತೆಗೆಯಬಹುದು. ಇದೇ ಕಾರಣಕ್ಕೆ ರಬ್ಬರ್ ಬಿಲ್ಲೆಯನ್ನು ಅಂಟಿಸದೆ ಸುಮ್ಮನೆ ಇಡಬೇಕು.

ಬಟ್ಟಲನ್ನು ತೋಳಿಗೆ ಎರಡು ಸಣ್ಣ ಬೋಲ್ಟುಗಳಿಂದ, ಅಗಲ ವಾಷರ್ ಮತ್ತು ನೈಲಾಕ್ ನಟ್ಟುಗಳೊಂದಿಗೆ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್ಟುಗಳು) ಜೋಡಿಸಿ. ಬೋಲ್ಟಿನ ಚಪ್ಪಟೆ ತಲೆ ಒಳಬದಿಗಿರಲಿ, ನಿಯೋಪ್ರೀನ್ ಹಾಳೆ ಅದನ್ನು ಮುಚ್ಚುತ್ತದೆ. ಸ್ಕ್ರೂ ಸಡಿಲವಾಗದಿರಲೆಂದು ಬಳಸುವ ಥ್ರೆಡ್‌ಲಾಕರ್ ದ್ರವವನ್ನು ಈ ಕೆಲಸದಲ್ಲಿ ಎಲ್ಲಿಯೂ ಬಳಸಬೇಡಿ. ಅದು ಎಬಿಎಸ್‌ನಂಥ ಪ್ಲಾಸ್ಟಿಕ್ಕನ್ನು ಸೋಕಿದರೆ, ಒತ್ತಡವಿರುವ ಜಾಗದಲ್ಲಿ ಬಿರುಕುಗಳನ್ನು ಹುಟ್ಟಿಸುತ್ತದೆ. ಕೊನೆಗೆ ಹಿಡಿಕೆಗೂ ಕೊಳವೆಗೂ ಹೊಳಪಿಲ್ಲದ ಕಪ್ಪು ಬಣ್ಣ ಹೊಡೆಯಿರಿ. ಮೇಲ್ಛಾವಣಿ ತೆರೆದ ಕಾರಿನಲ್ಲಿ ಬರಿಯ ಅಲ್ಯೂಮಿನಿಯಂ ಬಿಸಿಲನ್ನು ಕಣ್ಣಿಗೆ ಎಸೆಯುತ್ತದೆ.

ಜೋಡಣೆ ಮತ್ತು ಪರೀಕ್ಷೆ

ಹಿಡಿಕೆಯ ಹಿಂಬದಿಗೆ ತೆಳುವಾದ ಫೆಲ್ಟ್ ಟೇಪನ್ನು ಅಂಟಿಸಿ; ಪ್ಲಾಸ್ಟಿಕ್ಕಿಗೆ ಲೋಹ ತಾಗಿ ಕಿರುಗುಟ್ಟುವುದು ಈ ಸಣ್ಣ ಕಾರಿನಲ್ಲಿ ಬೇಗ ಕಿವಿಗೆ ಬೀಳುತ್ತದೆ. ಕನ್ಸೋಲನ್ನು ತುಸು ಎತ್ತಿ ನಾಲಿಗೆಯನ್ನು ತೂರಿಸಿ, ತಂತಿ ಯಾವುದೂ ಸಿಕ್ಕಿಕೊಂಡಿಲ್ಲವೆಂದು ಟಾರ್ಚ್ ಹಿಡಿದು ಖಚಿತಪಡಿಸಿಕೊಂಡು, ಉದ್ದದ ಸ್ಕ್ರೂವನ್ನು ಬೆರಳಿನಿಂದ ಹಿಡಿಸಿ, ಆಮೇಲೆ ಉಳಿದ ಸ್ಕ್ರೂಗಳನ್ನು ಹಿಂದಿನಿಂದ ಮುಂದಕ್ಕೆ ಬಿಗಿಯುತ್ತ ಬನ್ನಿ. ಬಿಗಿತ ಕೈಬಲದ ಮಟ್ಟಿಗೆ ಸಾಕು. ಬ್ಯಾಟರಿ ಜೋಡಿಸಿ, ಕಿಟಕಿಗಳು ಏರಿಳಿಯುತ್ತವೆಯೇ, ಡ್ಯಾಷ್‌ಬೋರ್ಡಿನ ಏರ್‌ಬ್ಯಾಗ್ ದೀಪ ಎಂದಿನಂತೆ ಆರುತ್ತದೆಯೇ ನೋಡಿ.

ಮೊದಲ ಪರೀಕ್ಷೆಗೆ ಬಿಗಿಯಾಗಿ ಮುಚ್ಚಿದ ಅರ್ಧ ಲೀಟರ್ ನೀರಿನ ಬಾಟಲಿ ಬಳಸಿ. ಖಾಲಿ ಮೈದಾನದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಸುತ್ತಿ, ನಂತರ ಗಂಟೆಗೆ 40 ಕಿ.ಮೀ. ವೇಗದಿಂದ ಗಟ್ಟಿಯಾಗಿ ಬ್ರೇಕ್ ಹಾಕಿ. ಬಾಟಲಿ ಬಟ್ಟಲಿನಲ್ಲಿ ತಿರುಗಿದರೆ ಚಿಂತೆಯಿಲ್ಲ. ಬಟ್ಟಲೇ ಓಲಾಡಿದರೆ ನಾಲಿಗೆ ಸರಿಯಾಗಿ ಕೂತಿಲ್ಲವೆಂದು ಅರ್ಥ. ಮುಂದಿನ ಹಂತದಲ್ಲಿ ಮುಚ್ಚಳವಿರುವ ಕಾಗದದ ಕಪ್ಪಿನಲ್ಲಿ ಮುಕ್ಕಾಲು ತಣ್ಣೀರು ಹಾಕಿ ನಿಮ್ಮ ನಿತ್ಯದ ದಾರಿಯಲ್ಲಿ ಓಡಿಸಿ. ಮುಚ್ಚಳದ ತೂತಿನಿಂದ ಹನಿಗಳು ಚಿಮ್ಮುವುದು ಹೋಲ್ಡರಿನ ದೋಷವಲ್ಲ, ಗಡುಸು ಸ್ಪ್ರಿಂಗುಗಳ ಗುಣ. ಬಿಸಿ ಪಾನೀಯಕ್ಕೆ ತಿರುಗಿಸಿ ಮುಚ್ಚುವ ಮಗ್ಗನ್ನೇ ಬಳಸಬೇಕು. ಕಾರನ್ನು ರೇಸ್ ಟ್ರ್ಯಾಕಿಗೆ ಒಯ್ಯುವ ದಿನ ಹೋಲ್ಡರಿನಲ್ಲಿ ಏನೂ ಇರಕೂಡದು.

ಒಂದು ತಿಂಗಳ ಓಡಾಟದ ನಂತರ ಆ ಒಂದು ಸ್ಕ್ರೂವನ್ನು ಮತ್ತೆ ಮುಟ್ಟಿ ನೋಡಿ, ಬೇಕಿದ್ದರೆ ಕಾಲು ಸುತ್ತು ಬಿಗಿಯಿರಿ. ತೆಗೆದ ಮೂಲ ಸ್ಕ್ರೂವನ್ನು ಹೆಸರು ಬರೆದ ಸಣ್ಣ ಚೀಲದಲ್ಲಿ ಹಾಕಿ ಕನ್ಸೋಲಿನ ಪೆಟ್ಟಿಗೆಯಲ್ಲಿಯೇ ಇಟ್ಟರೆ, ಕಾರನ್ನು ಮಾರುವಾಗಲೋ ಪ್ರದರ್ಶನಕ್ಕೆ ಸಿದ್ಧಪಡಿಸುವಾಗಲೋ ಹುಡುಕಾಡಬೇಕಾಗುವುದಿಲ್ಲ.